ಬಂದರಿನ ಡೀಸೆಲ್ ಟ್ಯಾಂಕಿಗೂ ಸೆನ್ಸರ್ ಬರಲಿ

ಮಾನ್ಯರೇ,

ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟುಗಳೆಲ್ಲ ಒಟ್ಟಿಗೇ ಡೀಸೆಲ್‌ಗೆ ಬರುತ್ತವೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡಲು ಕೆಲವೆಡೆ ಇನ್ನೂ ಅಳತೆ ಕೋಲನ್ನೇ ಇಳಿಸುತ್ತಾರೆ. ಕೋಲಿನ ತುದಿಗೆ ಹಚ್ಚಿದ ಪೇಸ್ಟ್ ಬಣ್ಣ ಬದಲಾದರೆ ತಳದಲ್ಲಿ ನೀರಿದೆ ಎಂದರ್ಥ. ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ. ನೀರು ಸೇರಿದ ಡೀಸೆಲ್‌ನಿಂದ ಎಂಜಿನ್ ಕಡಲ ನಡುವೆ ನಿಂತರೆ ಎಳೆದು ತರಲು ಇನ್ನೊಂದು ಬೋಟ್ ಬೇಕು.

ಟ್ಯಾಂಕಿನೊಳಗೆ ಸೆನ್ಸರ್ ಇಟ್ಟರೆ ಅದರ ಒಂದು ಫ್ಲೋಟ್ ಡೀಸೆಲ್ ಮಟ್ಟವನ್ನೂ ಇನ್ನೊಂದು ತಳದ ನೀರನ್ನೂ ಸದಾ ತೋರಿಸುತ್ತದೆ. ಪೇಟೆಯ ಬಂಕುಗಳಿಗೆ ಇದು ಹೊಸತಲ್ಲ. ಹಳೆಯ ಲೆಕ್ಕಗಳಿಂದ ತಾನೇ ಕಲಿಯುವ ಕಂಪ್ಯೂಟರ್ ತಂತ್ರ, ಅಂದರೆ ಮಷಿನ್ ಲರ್ನಿಂಗ್ ಜೊತೆಗಿದ್ದರೆ ಉಪಯೋಗ ಜಾಸ್ತಿ. ಅಡ್ಡ ಮಲಗಿಸಿದ ಟ್ಯಾಂಕಿನ ನಡುಭಾಗದಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಹೋಗುವ ಲೀಟರ್, ತಳದ ಹತ್ತಿರ ಅಷ್ಟೇ ಇಳಿದಾಗ ಹೋಗುವುದಕ್ಕಿಂತ ಹೆಚ್ಚು. ಮಾರಾಟದ ಲೆಕ್ಕ ನೋಡುತ್ತಾ ಅದು ಇದನ್ನು ಕಲಿಯುತ್ತದೆ. ರಾತ್ರಿ ಮಾರಾಟವಿಲ್ಲದೆ ಮಟ್ಟ ಇಳಿದರೆ, ತಂಪಿಗೆ ಕುಗ್ಗಿದ್ದೋ ಸೋರಿದ್ದೋ ಎಂದು ಅಂದಾಜಿಸಿ ಎಚ್ಚರಿಸುತ್ತದೆ. ಸೋರಿದ್ದು ಕೊನೆಗೆ ಸೇರುವುದು ನಮ್ಮ ಕಡಲಿಗೇ ಅಲ್ವಾ?

ತೆರಿಗೆ ವಿನಾಯಿತಿಯ ಡೀಸೆಲ್ ಕೊಡುವ ಸರ್ಕಾರ ಕಾರವಾರದ ಬೈತಖೋಲ ಬಂದರಿನಿಂದ ಕುಮಟಾ ತಾಲೂಕಿನ ತದಡಿ ಬಂದರಿನವರೆಗಿನ ಮೀನುಗಾರರ ಬಂಕುಗಳಿಗೆ ಈ ಸೌಲಭ್ಯವನ್ನೂ ಕೊಡಲಿ. ದಾಸ್ತಾನು ಎಷ್ಟಿದೆ ಎಂಬುದು ಹೊರಗಿನ ಬೋರ್ಡಿನಲ್ಲಿ ಎಲ್ಲರಿಗೂ ಕಾಣಲಿ.

– ಬೋಟ್ ಮಾಲೀಕ, ಕಾರವಾರ