ಕಣ್ಣೀರು ಬರಲಿಲ್ಲ ಅಂದೆಯಲ್ಲ

ಗುಳೇದಗುಡ್ಡ

ಮಗಳೇ,

ನಿನ್ನ ಪತ್ರದ ಒಂದೇ ಸಾಲು ತಲೆಯಲ್ಲಿ ಸುತ್ತುತ್ತಿದೆ. ಉಳಿದದ್ದಕ್ಕೆಲ್ಲ ಆಮೇಲೆ ಉತ್ತರ ಬರೆಯುತ್ತೇನೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಅಕ್ಕಪಕ್ಕದವರೆಲ್ಲ ಅಳುತ್ತಿದ್ದರು, ನನಗೆ ಮಾತ್ರ ಏನೂ ಅನಿಸಲಿಲ್ಲ ಅಂದಿದ್ದೀ. ವಾರ್ಡಿನಲ್ಲಿ ನೋವು ನೋಡಿ ನೋಡಿ ಎದೆ ಕಲ್ಲಾಗಿದೆ, ಯೇಸುವಿನ ಶ್ರಮೆಯೂ ಇನ್ನೊಂದು ಕೇಸಿನ ಹಾಗೆ ಕಾಣಿಸಿತು ಅಂದಿದ್ದೀ. ಕೊನೆಗೆ, 'ನನ್ನ ನಂಬಿಕೆ ಹೋಯಿತಾ ಅತ್ತೆ?' ಅಂತ ಕೇಳಿದ್ದೀ.

ಹೋಗಿಲ್ಲ. ಹೋಗಿದ್ದರೆ ನೀನು ಇಷ್ಟು ಹೆದರುತ್ತಿರಲಿಲ್ಲ.

ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ಕೇಳುತ್ತಾ ಕೂರುವಾಗ ಚಾಟಿ, ಮೊಳೆ, ರಕ್ತ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಜನ ಅಳುತ್ತಾರೆ. ನಾನೂ ಅತ್ತಿದ್ದೇನೆ. ಆದರೆ ಮಾರ್ಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದು ನೋಡು. ಶಿಲುಬೆಗೆ ಹಾಕಿದ್ದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಎಷ್ಟು ಏಟು ಬಿತ್ತು, ಮೊಳೆ ಎಲ್ಲಿ ಹೊಡೆದರು, ಒಂದೂ ಇಲ್ಲ. ಜಾಸ್ತಿ ಇರುವುದು ಜನ ಆಡಿಕೊಂಡದ್ದು. ಹಾದಿಯಲ್ಲಿ ಹೋಗುವವರು, ಯಾಜಕರು, ಕೊನೆಗೆ ಪಕ್ಕದಲ್ಲಿ ತೂಗುತ್ತಿದ್ದವರೂ. ಆಮೇಲೆ ಮೂರು ಗಂಟೆ ಕತ್ತಲೆ. ದೂರದಲ್ಲಿ ಹೆಂಗಸರು ನಿಂತಿದ್ದಾರೆ. ಮಗ್ದಲದ ಮರಿಯಳು, ಇನ್ನೊಬ್ಬ ಮರಿಯಳು, ಸಲೋಮೆ. ಅತ್ತರು ಅಂತ ಅಲ್ಲಿ ಬರೆದಿಲ್ಲ. ನೋಡುತ್ತಿದ್ದರು ಅಂತ ಮಾತ್ರ ಇದೆ. ಅತ್ತಿರಬಹುದು, ಯಾರು ಬೇಡ ಅಂದರು. ಬರೆದವನು ಅದನ್ನು ಹೇಳಬೇಕು ಅಂದುಕೊಳ್ಳಲಿಲ್ಲ.

ಅತ್ತ ಹೆಂಗಸರು ಲೂಕನಲ್ಲಿ ಬರುತ್ತಾರೆ, ದಾರಿಯ ಮೇಲೆ. ಅವರಿಗೆ ಸ್ವಾಮಿ, ನನಗೋಸ್ಕರ ಅಳಬೇಡಿ, ನಿಮಗೋಸ್ಕರ, ನಿಮ್ಮ ಮಕ್ಕಳಿಗೋಸ್ಕರ ಅಳಿರಿ ಅಂದನಲ್ಲ. ನೀನು ಆ ವಾರ್ಡಿನಲ್ಲಿ ಮಂದಿಯ ಮಕ್ಕಳಿಗಾಗಿ ಎಷ್ಟು ಸಲ ಅತ್ತಿದ್ದೀ, ನಿನ್ನ ಹಳೆಯ ಪತ್ರಗಳಲ್ಲೇ ಇದೆ.

ನಮ್ಮಪ್ಪ ಚರ್ಚಿನಲ್ಲಿ ಅತ್ತದ್ದನ್ನು ನಾನು ಕಂಡೇ ಇಲ್ಲ. ಶುಭ ಶುಕ್ರವಾರ ಮಗ್ಗ ನಿಲ್ಲುತ್ತಿತ್ತು. ಆರಾಧನೆ ಮುಗಿಸಿ ಬಂದು ಬಾಗಿಲ ಹತ್ತಿರ ಬೆಳಕಿಗೆ ಕೂತು ಅದೇ ಅಧ್ಯಾಯವನ್ನು ಮತ್ತೆ ಓದುತ್ತಿದ್ದ. ಸಾಲಿನ ಕೆಳಗೆ ಬೆರಳು ಸರಿಯುತ್ತಿತ್ತು. ಖಣದ ನೂಲಿನ ಕೆಂಪು ಬಣ್ಣ ಉಗುರಿನ ಸಂದಿಯಲ್ಲಿ ಹಾಗೇ ಇರುತ್ತಿತ್ತು. ಯೇಸುವಿನ ಶಿಲುಬೆ ಹೊತ್ತ ಕುರೇನದ ಸೀಮೋನನ ಹತ್ತಿರ ಬಂದರೆ ಬೆರಳು ನಿಲ್ಲುತ್ತಿತ್ತು. 'ಇವ ಸುಮ್ನೆ ಹಾದಿ ಹಿಡಿದು ಬರ್ತಿದ್ದವ. ಹಿಡಿದು ಹೊರಿಸಿದರು, ಹೊತ್ತ' ಅನ್ನುತ್ತಿದ್ದ. ಅಷ್ಟೇ, ಮುಂದೆ ಓದುತ್ತಿದ್ದ. ಆ ಹೊತ್ತಿನಲ್ಲಿ ಅವನಿಗೆ ಏನು ಕಾಣಿಸುತ್ತಿತ್ತೋ. ನಾನು ಕೇಳಲಿಲ್ಲ. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಇದ್ದೆವು, ಕೇಳಬಹುದಿತ್ತು. ಈಗ ಪ್ರತಿ ಶ್ರಮೆಯ ವಾರದಲ್ಲೂ ಅದೇ ನೆನಪಾಗುತ್ತದೆ. ನೀನಾದರೂ ಬಾಯಿಬಿಟ್ಟು ಕೇಳಿದೆಯಲ್ಲ, ಅದು ನನಗೆ ದೊಡ್ಡದು.

ಬಾಸೆಲ್ ಮಿಶನ್ನಿನವರು 1851ರಲ್ಲಿ ಈ ಊರಿಗೆ ಬಂದಾಗಿನಿಂದ ಇಲ್ಲಿ ಎಷ್ಟು ಶುಭ ಶುಕ್ರವಾರ ಆಗಿವೆ. ಕೂತವರೆಲ್ಲ ಪ್ರತಿ ವರ್ಷ ಅತ್ತಿದ್ದಾರೆ ಅಂತ ನಾನು ನಂಬುವುದಿಲ್ಲ.

ಮತ್ತೆ ಆ ಸಾಲಿಗೇ ಬರುತ್ತೇನೆ. ಇನ್ನೊಂದು ಕೇಸಿನ ಹಾಗೆ ಅಂದೆ. ಅದೇ ಪತ್ರದಲ್ಲಿ, ನೀರು ನುಂಗಲಾಗದ ಅಜ್ಜಿಯ ತುಟಿಗೆ ರಾತ್ರಿಯಿಡೀ ಹತ್ತಿ ಅದ್ದಿ ಒರೆಸಿದೆ ಅಂತಲೂ ಬರೆದಿದ್ದೀ. ಯೋಹಾನನ 19ನೇ ಅಧ್ಯಾಯದಲ್ಲಿ ಸ್ವಾಮಿ ನೀರಡಿಕೆ ಅಂದಾಗ ಸ್ಪಂಜನ್ನು ಹುಳಿ ದ್ರಾಕ್ಷಾರಸದಲ್ಲಿ ಅದ್ದಿ ಬಾಯಿಗೆ ಹಿಡಿದರು. ಮಾಡಿದವರ ಮನಸ್ಸಿನಲ್ಲಿ ಏನಿತ್ತು ಅಂತ ಅಲ್ಲಿ ಇಲ್ಲ. ಆತ ಅದನ್ನು ತೆಗೆದುಕೊಂಡ. ನಾನು ಆ ಮಾತು ಎಷ್ಟೋ ಸಲ ಓದಿದ್ದೆ, ನಿನ್ನ ಪತ್ರ ಓದಿದ ಮೇಲೆ ಬೇರೆಯಾಗಿ ಕಾಣಿಸಿತು. ಆತನ ನೋವು ನಿನಗೆ ಕೇಸಿನ ಹಾಗೆ ಕಂಡರೆ, ಕೇಸಿನ ಹತ್ತಿರ ನೀನು ಹೇಗೆ ಕೂರುತ್ತೀ ಅನ್ನುವುದನ್ನೂ ಯೋಚಿಸು.

ಏನು ಮಾಡಬೇಕು ಅಂತ ಹೇಳಲು ನಾನೇನು ಅಯ್ಯನವರಲ್ಲ. ಅಳು ಬರಿಸಿಕೊಳ್ಳಲು ಹೋಗಬೇಡ. ಮೊಬೈಲಿನಲ್ಲಿ ಚಾಟಿ ಹೊಡೆಯುವ ವೀಡಿಯೋ ನೋಡುತ್ತಿದ್ದೇನೆ ಅಂದೆಯಲ್ಲ, ಅದನ್ನು ಬಿಡು, ದಯವಿಟ್ಟು. ಬೆಳಗಾವಿ ಕ್ಯಾಂಪಿನ ಫಾತಿಮಾ ಕೆಥೆಡ್ರಲ್ಲಿಗೆ ಹೋಗುವ ನಿನ್ನ ರೂಮ್‌ಮೇಟ್ ಜೊತೆ ಒಮ್ಮೆ ಶಿಲುಬೆ ಹಾದಿಗೆ ಹೋಗಿ ಬಾ. ಯೇಸುವಿನ ಶ್ರಮೆಯನ್ನು ನೆನೆಯುವ 14 ಸ್ಥಳ, ಒಂದೊಂದರ ಮುಂದೆ ನಿಂತು ನಡೆಯುವುದು. ಅದು ಕ್ಯಾಥೋಲಿಕರದ್ದು, ನಮ್ಮ ಪದ್ಧತಿ ಅಲ್ಲ, ನಿಮ್ಮಪ್ಪ ಏನಂತಾನೋ. ಆದರೆ ನಿನ್ನಂಥವಳಿಗೆ ಕೂತು ಕೇಳುವುದಕ್ಕಿಂತ ಕಾಲಿಗೆ ಕೆಲಸ ಇದ್ದರೆ ಒಳ್ಳೆಯದೇನೋ.

ಮತ್ತೆ, ನೈಟ್ ಡ್ಯೂಟಿ ಮುಗಿಸಿ ನಿದ್ದೆ ಇಲ್ಲದೆ ನೇರ ಆರಾಧನೆಗೆ ಹೋಗಿದ್ದೀ. ಸ್ವಾಮಿಯನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯರು ದುಃಖದಿಂದಲೇ ನಿದ್ದೆ ಹೋಗಿದ್ದರು ಅಂತ ಲೂಕ ಬರೆದಿದ್ದಾನೆ. ದುಃಖ ಜಾಸ್ತಿಯಾದರೆ ಮೈ ಹಾಗೂ ಮಾಡುತ್ತದೆ. ಮೊದಲು ಮಲಗು.

'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಅಂತ ಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು. ನಿನಗೆ ಪ್ರಾರ್ಥನೆ ಬಾರದ ದಿನ ಅದನ್ನೇ ಪೂರ್ತಿ ಓದು, ಗಟ್ಟಿಯಾಗಿ. ಅದಕ್ಕೂ ಮನಸ್ಸಾಗದಿದ್ದರೆ ನನಗೆ ಫೋನ್ ಮಾಡು, ನಾನು ಓದುತ್ತೇನೆ, ನೀನು ಕೇಳು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ನನಗೆ ಹೇಗೂ ನಿದ್ದೆ ಕಡಿಮೆ.

ನಿನ್ನ ಅತ್ತೆ