ಹಕ್ಕಿ ಲೆಕ್ಕದ ಪುಸ್ತಕಗಳಿಗೆ ಗುಜರಿಯೇ ಗತಿಯೇ?

ಮಾನ್ಯರೇ,

ಈಚೆಗೆ ತೀರಿಕೊಂಡ ನನ್ನ ಗೆಳೆಯ ಇಪ್ಪತ್ತು ವರ್ಷ ಬಸ್ಸಿನಲ್ಲಿ ಕೊಕ್ಕರೆಬೆಳ್ಳೂರಿಗೆ ಹೋಗಿ ಗೂಡು ಎಣಿಸುತ್ತಿದ್ದ. ಯಾವ ಹುಣಸೆ ಮರದಲ್ಲಿ ಎಷ್ಟು ಹೆಜ್ಜಾರ್ಲೆ, ಎಷ್ಟು ಬಣ್ಣದ ಕೊಕ್ಕರೆ, ಯಾವ ವರ್ಷ ಯಾವ ಮರ ಕಡಿದರು, ಎಲ್ಲ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದ. ಮನೆ ಖಾಲಿ ಮಾಡುವಾಗ ಅವು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋದವು. ಮನೆಯವರನ್ನು ಬೈಯಲಾರೆ. ಕೊಡೋಣ ಎಂದುಕೊಂಡಿದ್ದರೂ ಎಲ್ಲಿಗೆ ಕೊಡಬೇಕಿತ್ತು?

ಬಂಡೀಪುರ, ನಾಗರಹೊಳೆ, ರಂಗನತಿಟ್ಟು, ತೋಳಗಳಿರುವ ಮೇಲುಕೋಟೆ, ಎಲ್ಲವೂ ಮೈಸೂರಿನ ಸುತ್ತಲೇ ಇವೆ. ಇಲ್ಲಿ ವನ್ಯಜೀವಿಗಳಿಗೆಂದೇ ಒಂದು ಗ್ರಂಥಾಲಯ ಬೇಕು. ಚೆಂದದ ಫೋಟೊ ಪುಸ್ತಕ ಜೋಡಿಸಿಡುವ ಕೋಣೆಯಲ್ಲ. ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂದು ಅರಣ್ಯ ಇಲಾಖೆ ಬರೆದಿಟ್ಟ ಹಳೇ ವರ್ಕಿಂಗ್ ಪ್ಲ್ಯಾನ್, ನಕ್ಷೆ, ಗಣತಿ ಹಾಳೆ, ಹಕ್ಕಿ ನೋಡುವವರ ಡೈರಿ, ಇವು ಇರುವ ಜಾಗ. ಬಂಡೀಪುರದಲ್ಲಿ ಲಂಟಾನ ಕಳೆ ಕಿತ್ತ ಜಾಗದಲ್ಲಿ ಏನು ಬೆಳೆಸಬೇಕು? ಮೊದಲು ಅಲ್ಲಿ ಹುಲ್ಲಿತ್ತಾ, ಬಿದಿರಿತ್ತಾ ಅಂತ ಗೊತ್ತಾಗಬೇಕಲ್ವಾ? ಅದನ್ನು ಹಳೇ ಕಾಗದವೇ ಹೇಳಬೇಕು. ಕಾಕನಕೋಟೆಯಲ್ಲಿ 1971ರವರೆಗೂ ಕಾಡಾನೆ ಹಿಂಡುಗಳನ್ನು ಅಟ್ಟಿ ಹಿಡಿಯುವ ಖೆಡ್ಡಾ ನಡೆಯಿತು. ಆಗಿನ ಕಡತಗಳು ಆನೆ ಹಿಂಡುಗಳ ಬಗ್ಗೆ ಹೇಳುವುದನ್ನು ಇವತ್ತು ಕಾಡಿಗೆ ಹೋಗಿ ಎಣಿಸಲು ಆಗುವುದಿಲ್ಲ.

ಕಾಗದ ಕಾಯುವುದು ನಮ್ಮೂರಿಗೆ ಹೊಸದೇನಲ್ಲ. ಇಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯಿಂದಲೇ ಅಲ್ಲಿನ ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದರು. ಆನೆ ಕಾಡನ್ನು ಹೇಗೆ ಕಾಯಬೇಕು ಅಂತ ಅದರಲ್ಲೂ ಇದೆ!

ಮೃಗಾಲಯ 1892ರಿಂದ ಇದೆ, ವಿಶ್ವವಿದ್ಯಾಲಯ 1916ರಿಂದ. ಅರಣ್ಯ ಇಲಾಖೆಯೂ ಸೇರಿ ಮೂರೂ ಕೂತು ಮಾತಾಡಿದರೆ ಒಂದು ಹಳೇ ಕಟ್ಟಡ ಸಿಗದೇ ಇರುತ್ತದೆಯೇ? ಆದರೆ ಸಂಶೋಧಕರಿಗೆ ಮಾತ್ರ ಅಂತ ಬೋರ್ಡು ಹಾಕಿ ಸುಮ್ನೆ ಬೀಗ ಜಡಿಯಬಾರದು. ಡ್ಯೂಟಿ ಮುಗಿಸಿ ಬಂದ ಫಾರೆಸ್ಟ್ ಗಾರ್ಡ್ ಸಂಜೆ ಏಳಕ್ಕೂ ಒಳಗೆ ಹೋಗುವಂತಿರಬೇಕು. ವಿಷಯಸೂಚಿ ಕನ್ನಡದಲ್ಲಿರಬೇಕು. ಡೈರಿಗಳನ್ನು ಸ್ಕ್ಯಾನ್ ಮಾಡಿಡಬೇಕು. ಗೆದ್ದಲಿಗೆ ಇಂಗ್ಲಿಷ್ ಕನ್ನಡ ಅಂತ ಭೇದವಿಲ್ಲ.

ಗುಜರಿ ಅಂಗಡಿಗೆ ಓಡಿಹೋಗಿ ಎರಡು ನೋಟ್‌ಬುಕ್ ಬಿಡಿಸಿಕೊಂಡು ಬಂದೆ. ಸದ್ಯಕ್ಕೆ ನಮ್ಮ ಮನೆಯ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕ ಇವೆ. ಯಾರಾದರೂ ಕೇಳಿದರೆ ಕೊಡುತ್ತೇನೆ.

– ನಿವೃತ್ತ ಶಿಕ್ಷಕ, ಸರಸ್ವತಿಪುರಂ, ಮೈಸೂರು