ವೈವಾ ಮುಗೀತು, ಇನ್ನು ಚಿಕ್ಕಪ್ಪನ ವಿಷಯ

ಕೊನೆಗೂ ಪಿಎಚ್‌ಡಿ ವೈವಾ ಮುಗೀತು ಕಣ್ರಪ್ಪಾ. ಯೂನಿವರ್ಸಿಟಿ ನೋಟಿಫಿಕೇಶನ್ ಬರೋವರೆಗೂ ಹೆಸರಿನ ಮುಂದೆ ಡಾ. ಅಂತ ಹಾಕ್ಕೋಬೇಡ ಅಂತ ಗೈಡ್ ಮೇಡಂ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ, ಸರಿ ಹಾಕ್ಕೊಳಲ್ಲ, ಆದ್ರೆ ಥ್ಯಾಂಕ್ಸ್ ಹೇಳೋಕೆ ಯಾವ ನೋಟಿಫಿಕೇಶನ್ನೂ ಬೇಕಿಲ್ವಲ್ಲ, ಅದಕ್ಕೆ ಇವತ್ತೇ ಬರೀತಿದೀನಿ.

ಥೀಸಿಸ್ ನಮ್ಮ ಕಡೆ ಎಲೆಕ್ಷನ್‌ಗಳ ಮೇಲೆ, ಅದನ್ನ ಮತ್ತೆ ಶುರು ಮಾಡಲ್ಲ, ನಿಮಗೆಲ್ಲ ಕೇಳಿ ಕೇಳಿ ಕಿವಿ ತೂತಾಗಿದೆ. ಅವ್ವನ ಆಪರೇಷನ್ ವಿಷಯನೂ ಅಷ್ಟೇ, ಫೋನ್ ಮಾಡಿದ ಎಲ್ಲರಿಗೂ ಹೇಳಿ ಆಗಿದೆ. ಈಗ ಮನೇಲಿದ್ದಾಳೆ, ಎಡಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ.

ಗೈಡ್ ಮೇಡಂಗೆ, ಹಾಸ್ಟೆಲ್ ರೂಮ್‌ಮೇಟ್ಸ್‌ಗೆ, ಹಳೇ ಪೇಪರ್ ಬೈಂಡುಗಳನ್ನ ಧೂಳು ಕೊಡವಿ ತೆಗೆದುಕೊಟ್ಟ ಲೈಬ್ರರಿ ಅಟೆಂಡರ್ ಅಣ್ಣನಿಗೆ, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದನ್ನೆಲ್ಲ ಯೂನಿಕೋಡ್‌ಗೆ ತಿರುಗಿಸಿ ಒಡೆದುಹೋದ ಒತ್ತಕ್ಷರ ಒಂದೊಂದೇ ಸರಿ ಮಾಡಿಕೊಟ್ಟ ಡಿಟಿಪಿ ಅಂಗಡಿಯವರಿಗೆ, ನಾವು ಮೈಸೂರಲ್ಲಿ ಆಸ್ಪತ್ರೆಲಿ ಕೂತಿದ್ದಾಗ ನಮ್ಮ ಹಸುಗಳ ಹಾಲು ಕರೆದು ಡೈರಿಗೆ ಹಾಕಿದ ಪಕ್ಕದ್ಮನೆ ಅತ್ತೆಗೆ, ಎಲ್ಲರಿಗೂ ಒಟ್ಟಿಗೆ ಒಂದು ದೊಡ್ಡ ನಮಸ್ಕಾರ. ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ ಬರೀಬೇಕಿತ್ತು, ಆದ್ರೆ ಈ ಬರಹ ಚಿಕ್ಕಪ್ಪಂದು, ನೀವು ಬೇಜಾರ್ ಮಾಡ್ಕೊಳಲ್ಲ ಅಂತ ಗೊತ್ತು.

ನಮ್ಮ ಚಿಕ್ಕಪ್ಪ ಕೆಎಸ್‌ಆರ್‌ಟಿಸಿಲಿ ಡ್ರೈವರ್ ಆಗಿದ್ದೋರು, ಈಗ ರಿಟೈರ್ಡ್. ಚಾಮರಾಜನಗರದಿಂದ ಸಂತೇಮರಹಳ್ಳಿ, ಯಳಂದೂರು ಮೇಲೆ ಕೊಳ್ಳೇಗಾಲ, ಅದೇ ರೋಡಲ್ಲಿ ಅರ್ಧ ಆಯಸ್ಸು ಕಳೆದೋರು. ಓದಿದ್ದು ಕಮ್ಮಿ, ಆದ್ರೆ ಎಲೆಕ್ಷನ್ ಲೆಕ್ಕ ಅಂದ್ರೆ ಬಾಯಲ್ಲೇ. ಡಿಪೋಲಿ ಕೊಡ್ತಿದ್ದ ಡೈರಿ ಹಿಂದಿನ ಹಾಳೆಗಳಲ್ಲಿ ಯಾರಿಗೆ ಎಷ್ಟು, ಅಂತರ ಎಷ್ಟು ಅಂತ ಬರೆದಿಟ್ಟಿದ್ದಾರೆ. ಆಯೋಗದ ರಿಪೋರ್ಟಿನ ಪಕ್ಕ ಇಟ್ಟು ನಾನು ತಾಳೆ ನೋಡಿದೀನಿ, ನಾನು ನೋಡಿದ ಒಂದು ಅಂಕಿನೂ ತಪ್ಪಿರಲಿಲ್ಲ. ತಾನು ಯಾರಿಗೆ ವೋಟ್ ಹಾಕ್ತೀನಿ ಅನ್ನೋದನ್ನ ಮಾತ್ರ ಚಿಕ್ಕಮ್ಮನಿಗೂ ಹೇಳಿಲ್ಲ.

ಆ ರಾತ್ರಿ ಗೊತ್ತಲ್ಲ ನಿಮಗೆ, ಸಂಜೆ ಅವ್ವನ ಆಪರೇಷನ್ ಆಗಿ ಆಮೇಲೆ ಏನೋ ಸರಿಯಿಲ್ಲ ಅಂತ ಮತ್ತೆ ಒಳಗೆ ಕರ್ಕೊಂಡು ಹೋದ್ರಲ್ಲ, ಅದು. ಬಂದಿದ್ದ ನೆಂಟರೆಲ್ಲ ಕೊನೇ ಬಸ್ಸಿಗೆ ಹೊರಟ್ರು, ಅವರನ್ನ ದೂರೋದಲ್ಲ, ಎಲ್ಲರಿಗೂ ಮನೆ ಮಠ ಇದೆ. ಚಿಕ್ಕಪ್ಪ ಅದೇ ಹೊತ್ತಿಗೆ ಎದುರಿಂದ ಬಂದ ಬಸ್ಸಲ್ಲಿ ಇಳಿದ್ರು, ಕೈಯಲ್ಲಿ ಒಂದು ಬೆಡ್‌ಶೀಟು, ಒಂದು ಪ್ಲಾಸ್ಕು. ಐಸಿಯು ಹೊರಗಿನ ಕಬ್ಬಿಣದ ಬೆಂಚ್ ಮೇಲೆ ಕೂತ್ಕೊಂಡು ನಾನು ಹೇಳಿದ ಮೊದಲ ಮಾತು, ಚಿಕ್ಕಪ್ಪ ನಾನು ಪಿಎಚ್‌ಡಿ ಬಿಟ್ಬಿಡ್ತೀನಿ ಅಂತ. ಬಿಡು ಅಂತನೂ ಹೇಳ್ಲಿಲ್ಲ ಬಿಡಬೇಡ ಅಂತನೂ ಹೇಳ್ಲಿಲ್ಲ. "ಎಲ್ಗಂಟ ಬಂದಿದೆ ಕೂಸೇ ಕೃಷ್ಣಮೂರ್ತಿದು? ಇನ್ನೂ ಅದೇ ಒಂದ್ ವೋಟ್ ತಾವೇ ನಿಂತಿದ್ದೀಯಾ?" ಅಂದ್ರು.

ನಿಜ, ಥೀಸಿಸ್‌ನ ಕೃಷ್ಣಮೂರ್ತಿ ಚಾಪ್ಟರಲ್ಲಿ ಅಲ್ಲೇ ನಿಂತಿದ್ದೆ. ಯಾರಿಗೆ ತಾನೇ ಅದು ಬಿಟ್ಟು ಮುಂದಕ್ಕೆ ಹೋಗೋಕೆ ಮನಸಾಗುತ್ತೆ ಹೇಳಿ. 2004, ಸಂತೇಮರಹಳ್ಳಿ ಮೀಸಲು ಕ್ಷೇತ್ರ, ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಗೆ 40,751. ಒಂದು ವೋಟು. ಅದರ ಜೊತೆಗೆ ಎಲ್ಲ ಕಡೆ ಓಡಾಡೋ ಆ ಕಥೆ, ಕೃಷ್ಣಮೂರ್ತಿ ಅವರ ಕಾರ್ ಡ್ರೈವರ್ರೇ ಅವತ್ತು ಕೆಲಸದ ಗಡಿಬಿಡೀಲಿ ವೋಟ್ ಹಾಕೋಕೆ ಹೋಗಿರಲಿಲ್ಲ ಅಂತ. ಎಲೆಕ್ಷನ್ ಬಂದಾಗೆಲ್ಲ ಪೇಪರಲ್ಲಿ ಒಂದು ಬಾಕ್ಸ್ ಐಟಂ ಗ್ಯಾರಂಟಿ. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿ ಒಂದು ವೋಟಲ್ಲಿ ಸೋತಿದ್ದನ್ನೂ ಪಕ್ಕದಲ್ಲಿ ಹಾಕಿ, ನಿಮ್ಮ ಮತ ಅಮೂಲ್ಯ ಅಂತ ಹೆಡ್ಡಿಂಗ್ ಕೊಟ್ರೆ ಮುಗೀತು.

ಆ ಡ್ರೈವರ್ ಕಥೆ ಕೇಳಿದ್ರೆ ಚಿಕ್ಕಪ್ಪನಿಗೆ ಮೈ ಉರಿಯುತ್ತೆ. ಯಾಕೆ ಅಂತ ನನಗೆ ಆ ರಾತ್ರಿವರೆಗೂ ಗೊತ್ತಿರಲಿಲ್ಲ. "ಒಬ್ಬ ಡ್ರೈವರ್ನ ಇಟ್ಕಂಡು ಊರೆಲ್ಲಾ ನಗ್ತರಲ್ಲ, ನಾವ್ಯಾರ್ ಹಾಕಿದ್ದೊ ಅವತ್ತು? ಪೋಲಿಂಗ್ ಪಾರ್ಟಿಯೋರ್ನ ಹಿಂದಿನ್ ದಿನ್ವೇ ಇಳ್ಸಿ, ಸಂಜೆ ಅವ್ರ್ನ ಮಿಷನ್ ಸಮೇತ ಹತ್ತಿಸ್ಕಂಡು ವಾಪಸ್ ಬರೋಗಂಟ ಬಸ್ಸಲ್ಲೇ ಬಿದ್ದಿದ್ದೊ. ನನ್ ಹೆಸ್ರೂ ಅದೇ ಕ್ಷೇತ್ರದ್ ಲಿಸ್ಟಲ್ಲಿತ್ತು ಕಣವ್ವ, ನಂದೂ ಬಿದ್ದಿಲ್ಲ."

ನಾನು ಎದ್ದು ಕೂತೆ. ಅಂದ್ರೆ ನೀವು ಹಾಕಿದ್ದಿದ್ರೆ? ಅಂದೆ. "ಹಾಕಿದ್ರೆ ಒಂದಿದ್ದಿದ್ದು ಎಲ್ಡಾಗ್ಬೋದಿತ್ತು, ಇಲ್ಲ ಸರಿಸಮ ಆಗ್ಬೋದಿತ್ತು. ಯಾವ್ದು ಅಂತ ಕೇಳ್ಬ್ಯಾಡ." ಸರಿಸಮ ಆಗಿದ್ರೆ ಚೀಟಿ ಎತ್ತಬೇಕಿತ್ತು, 1951ರ ಪ್ರಜಾಪ್ರತಿನಿಧಿ ಕಾಯ್ದೆಲಿ ಹಾಗೇ ಇರೋದು, ಸಮ ಬಂದ್ರೆ ಚುನಾವಣಾಧಿಕಾರಿ ಲಾಟರಿ ಎತ್ತಿ ಯಾರ ಹೆಸರು ಬರುತ್ತೋ ಅವರಿಗೆ ಒಂದು ಮತ ಸೇರಿಸಿ ಗೆಲುವು ಅಂತ ಘೋಷಿಸ್ತಾರೆ. ನಾನು ಫುಟ್‌ನೋಟಲ್ಲಿ ಬರೆದಿದ್ದ ಸೆಕ್ಷನ್ನು, ನನ್ನ ಪಕ್ಕ ಬೆಡ್‌ಶೀಟ್ ಹೊದ್ದು ಕೂತಿತ್ತು.

ಆಮೇಲೆ ಚಿಕ್ಕಪ್ಪ ಬಸ್ ಸ್ಟಾಪ್ ಹೇಳೋ ಧಾಟೀಲಿ ಶುರು ಮಾಡಿದ್ರು. ಆಲೂರು ರಾಚಯ್ಯನವರ ಮಗ, ಕೇರಳಕ್ಕೆ ಗೌರ್ನರ್ ಆಗಿದ್ರಲ್ಲ ಬಿ. ರಾಚಯ್ಯ, ಅವರ ಮಗ ಕೃಷ್ಣಮೂರ್ತಿ. 94ರಲ್ಲಿ ದಳದಿಂದ ಗೆದ್ದು ಶಾಸಕ. 99ರಲ್ಲಿ ಮತ್ತೆ ಗೆಲುವು, ಆಗ ಎದುರಿಗೆ ಬಿಜೆಪಿಯಿಂದ ನಿಂತು ಸೋತೋರು ಇದೇ ಧ್ರುವನಾರಾಯಣ, ಅಗ್ರಿಕಲ್ಚರ್ ಎಂಎಸ್ಸಿ ಓದಿದ್ದ ಹೆಗ್ಗವಾಡಿ ಹುಡುಗ. 2004ರಲ್ಲಿ ಆ ಒಂದು ವೋಟು. 2008ಕ್ಕೆ ಕ್ಷೇತ್ರ ಪುನರ್ವಿಂಗಡಣೆಲಿ ಸಂತೇಮರಹಳ್ಳಿ ಅನ್ನೋ ಕ್ಷೇತ್ರವೇ ಇಲ್ಲ, ಧ್ರುವನಾರಾಯಣ ಕೊಳ್ಳೇಗಾಲದಲ್ಲಿ ನಿಂತು ಗೆದ್ರು. 2009ರಲ್ಲಿ ಲೋಕಸಭೆಗೆ ಇಬ್ಬರೂ ಮತ್ತೆ ಮುಖಾಮುಖಿ, ಕೃಷ್ಣಮೂರ್ತಿ ಬಿಜೆಪಿಯಿಂದ, ಸೋತಿದ್ದು 4,002 ವೋಟಲ್ಲಿ. ಒಂದು ಲೋಕಸಭಾ ಕ್ಷೇತ್ರಕ್ಕೆ ಅದು ಏನೇನೂ ಅಲ್ಲ. 2014ರಲ್ಲಿ ಮತ್ತೆ ಅವರಿಬ್ಬರೇ, ಈ ಸಲ ಅಂತರ 1,41,182. ಆಮೇಲೆ ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದ್ರು, ಅಂದ್ರೆ ಇಷ್ಟು ವರ್ಷ ಎದುರು ನಿಂತೋನ ಪಾರ್ಟಿಗೇ. 2018ರಲ್ಲಿ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ ಟಿಕೆಟ್, ಬಿಎಸ್‌ಪಿಯ ಎನ್. ಮಹೇಶ್‌ಗೆ 71,792, ಇವರಿಗೆ 52,338.

ಇಲ್ಲಿಗೆ ಬಂದಾಗ ನಾನು ಹೇಳಿದೆ, ಸಾಕು ಚಿಕ್ಕಪ್ಪ, ಎಲ್ಲಾ ಸೋಲೇ. ಅದಕ್ಕೆ ಚಿಕ್ಕಪ್ಪ, "ಸೋಲೇ. ಆದ್ರೂ ಮತ್ತೆ ನಾಮಿನೇಷನ್ ಹಾಕೋಕ್ ಬತ್ತನಲ್ಲ ಆವಯ್ಯ, ಅದ್ನ ಬರ್ದಿದ್ದೀಯಾ?" ಅಂದ್ರು.

ಬರೆದಿರಲಿಲ್ಲ, ಬರೆಯೋದು ಹೇಗೆ ಅಂತನೂ ಹೊಳೆದಿರಲಿಲ್ಲ, ಯಾಕಂದ್ರೆ ಅಂಕಿ ಅಂಶದ ಟೇಬಲಲ್ಲಿ ನಾಮಪತ್ರ ಸಲ್ಲಿಸೋ ದಿನಕ್ಕೆ ಕಾಲಮ್ಮೇ ಇರಲ್ಲ. ಗೆಲುವಿಗೆ ಇದೆ, ಅಂತರಕ್ಕಿದೆ, ಠೇವಣಿ ಕಳ್ಕೊಂಡಿದ್ದಕ್ಕೂ ಇದೆ.

ಮೂರು ಗಂಟೆ ದಾಟಿತ್ತು ಅನ್ಸುತ್ತೆ, ನರ್ಸ್ ಹೊರಗೆ ಬಂದು ಪೇಷೆಂಟ್ ಕಡೆಯವರು ಯಾರು, ಇಲ್ಲೊಂದು ಸೈನ್ ಬೇಕು ಅಂದ್ರು. ನನಗೆ ಪೆನ್ ಹಿಡಿಯೋಕೆ ಆಗ್ಲಿಲ್ಲ. ಅಪ್ಪ ಹೋದಾಗ ನಾನು ಚಿಕ್ಕೋಳು, ಯಾರೋ ಎಲ್ಲ ನೋಡ್ಕೊಂಡ್ರು, ಈಗ ಆ ಯಾರೋ ನಾನೇ ಅಂತ ಗೊತ್ತಾದಾಗ ಕಾಲಲ್ಲಿ ಶಕ್ತಿನೇ ಇರಲಿಲ್ಲ. ಅವ್ವ ಇಲ್ಲದ ಮನೆಗೆ ಈ ಡಿಗ್ರಿ ತಗೊಂಡು ಹೋಗಿ ಯಾರಿಗೆ ತೋರಿಸ್ಲಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು ಫೀಸ್ ಕಟ್ಟಿದೋಳು ಒಳಗೆ ಬಾಯಿಗೆ ಪೈಪ್ ಹಾಕ್ಕೊಂಡು ಮಲಗಿದ್ದಾಳೆ, ನಾನಿಲ್ಲಿ ಯಾರದೋ ವೋಟಿನ ಲೆಕ್ಕ ಕೇಳ್ಕೊಂಡು ಕೂತಿದೀನಿ ಅಂತ ಜೋರಾಗಿ ಅತ್ತುಬಿಟ್ಟೆ, ಆ ಕಾರಿಡಾರಲ್ಲಿ ಮಲಗಿದ್ದೋರೆಲ್ಲ ಎದ್ದು ನೋಡಿದ್ರು. ಚಿಕ್ಕಪ್ಪ ಸೈನ್ ಹಾಕಿದ್ರು. ಸಂಬಂಧ ಅನ್ನೋ ಜಾಗದಲ್ಲಿ ಮೈದುನ ಅಂತ ಬರೆದ್ರು. ಬಂದು ಕೂತು ಪ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ರು, ನಾನು ಕುಡಿಯೋವರೆಗೂ ಲೋಟ ಹಿಡ್ಕೊಂಡೇ ಇದ್ರು.

ಆಮೇಲೆ ಮತ್ತೆ ಮುಂದಿನ ಸ್ಟಾಪು. 2019, ಅಷ್ಟು ವರ್ಷ ಗೆದ್ದುಕೊಂಡೇ ಬಂದಿದ್ದ ಧ್ರುವನಾರಾಯಣ ಚಾಮರಾಜನಗರ ಲೋಕಸಭೇಲಿ ಶ್ರೀನಿವಾಸ ಪ್ರಸಾದ್ ಎದುರು 1,817 ವೋಟಲ್ಲಿ ಸೋತ್ರು. ಒಂದು ವೋಟಲ್ಲಿ ಗೆದ್ದು ರಾಜ್ಯಕ್ಕೆಲ್ಲ ಹೆಸರಾದೋರು ಇಷ್ಟರಲ್ಲಿ ಕೈ ತಪ್ಪಿಸ್ಕೊಂಡ್ರು. 2023ರ ಮಾರ್ಚ್ 11, ಮೈಸೂರಲ್ಲಿ ಹೃದಯಾಘಾತ, 61 ವಯಸ್ಸಿಗೇ ಹೋದ್ರು. ಅಲ್ಲಿಗೆ ಬಂದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಾದ್ರು. ಪಾರ್ಟಿ ಯಾವುದಾದ್ರೂ ಇರಲಿ, ನಮ್ಮ ಕಡೆ ಆ ಸಾವಿಗೆ ಅತ್ತೋರು ತುಂಬಾ ಜನ. ಮುಂದಿನ ತಿಂಗಳೇ ಅವರ ಪತ್ನಿನೂ ತೀರಿಕೊಂಡ್ರು. ನಂಜನಗೂಡಲ್ಲಿ ಮಗ ದರ್ಶನ್ ನಿಂತ್ರು, ಜೆಡಿಎಸ್‌ನೋರು ಅಲ್ಲಿ ಅಭ್ಯರ್ಥಿನೇ ಹಾಕ್ಲಿಲ್ಲ, ಗೆದ್ರು. ಸೋತಿದ್ದು ಶ್ರೀನಿವಾಸ ಪ್ರಸಾದರ ಅಳಿಯ ಹರ್ಷವರ್ಧನ್.

ಅದೇ ಎಲೆಕ್ಷನ್ನಲ್ಲಿ ಕೊಳ್ಳೇಗಾಲ. ಮಹೇಶ್ ಅಷ್ಟೊತ್ತಿಗೆ ಬಿಜೆಪಿ. ಕೃಷ್ಣಮೂರ್ತಿಗೆ 1,08,363, ಮಹೇಶ್‌ಗೆ 48,844, ಅಂತರ 59,519. 2004ರಲ್ಲಿ ಒಂದು ವೋಟಿನ ಫಲಿತಾಂಶ ಬಂದಿದ್ದು ಮೇ 13, 2023ರಲ್ಲಿ ಇದು ಬಂದಿದ್ದೂ ಮೇ 13. 19 ವರ್ಷ. ಯಳಂದೂರು, ಸಂತೇಮರಹಳ್ಳಿ ಕಡೆ ಹಳೇ ವೋಟರ್ಸ್ ಎಲ್ಲ ಪುನರ್ವಿಂಗಡಣೆ ಆದ್ಮೇಲೆ ಕೊಳ್ಳೇಗಾಲಕ್ಕೇ ಸೇರಿರೋದು, ಅಂದ್ರೆ ಅವತ್ತು ಒಂದು ವೋಟಿಗೆ ಬಿಟ್ಟುಕೊಟ್ಟ ಊರುಗಳಲ್ಲಿ ಎಷ್ಟೋ ಊರು ಈ ಗೆಲುವಲ್ಲೂ ಇವೆ. "ನೋಡು, ಆವಯ್ಯ ಆ ಒಂದ್ ವೋಟ್ನಿಂದ ಆಚೆಗ್ ಬಂದು ಎಷ್ಟ್ ದಿನ ಆಯ್ತು. ನೀನ್ಯಾಕ್ ಇನ್ನೂ ಅಲ್ಲೇ ಕುಂತಿದ್ದೀಯೆ?"

ನಾನು ಥೀಸಿಸ್‌ಗೆ ಹೇಳಿದ್ರು ಅಂದ್ಕೊಂಡೆ. ಬೇರೆ ಯಾವುದಕ್ಕಾದ್ರೂ ಹೇಳಿದ್ರಾ ಅಂತ ಚಿಕ್ಕಪ್ಪನ್ನ ಕೇಳಿದ್ರೆ ಇವತ್ತಿಗೂ, ನಾನ್ ಎಲೆಕ್ಷನ್ ವಿಚಾರ ಹೇಳ್ದೆ ಅಷ್ಟೇ ಅಂತಾರೆ.

ಬೆಳಿಗ್ಗೆ ಡಾಕ್ಟರ್ ಬಂದು ಪರವಾಗಿಲ್ಲ ಅಂದ್ರು. ಚಿಕ್ಕಪ್ಪ ಸರಿ ಅಂತ ಹೇಳಿ ಬೆಡ್‌ಶೀಟ್ ಮಡಚಿ ನನ್ನ ಬ್ಯಾಗಿಗೆ ಹಾಕಿ ಕ್ಯಾಂಟೀನಿಗೆ ಇಡ್ಲಿ ತರೋಕೆ ಹೋದ್ರು. ಆಮೇಲೂ ಡಿಸ್ಚಾರ್ಜ್ ಆಗೋವರೆಗೂ ರಾತ್ರಿ ಪಾಳಿ ಅವರದೇ, ನನ್ನನ್ನ ಹಾಸ್ಟೆಲ್ಲಿಗೆ ಓಡಿಸ್ತಿದ್ರು, ಬರ್ಕೋ ಹೋಗು ಅಂತ.

ಆ ಚಾಪ್ಟರ್ ಪೂರ್ತಿ ತಿರುಗಿಸಿ ಬರೆದೆ. 2004 ಈಗ ಅದರ ಮಧ್ಯದಲ್ಲೆಲ್ಲೋ ಬರುತ್ತೆ, ಅದಕ್ಕೆ ಸಿಗಬೇಕಾದಷ್ಟೇ ಪುಟ ಸಿಕ್ಕಿದೆ. ಪ್ರತಿ ಎಲೆಕ್ಷನ್ನಿಗೂ ಕೃಷ್ಣಮೂರ್ತಿ ಯಾವ ಪಾರ್ಟಿಲಿದ್ರು, ಎದುರಿಗೆ ಯಾರಿದ್ರು, ಕ್ಷೇತ್ರದ ಗಡಿ ಎಲ್ಲಿತ್ತು ಅನ್ನೋದೆಲ್ಲ ಮುಂದೆ ಬಂತು. ದಳ, ಬಿಜೆಪಿ, ಕಾಂಗ್ರೆಸ್ ಅಂತ ಪಾರ್ಟಿ ಬದಲಾಯಿಸಿದ್ದನ್ನ ನಾನೇನು ಮುಚ್ಚಿಟ್ಟಿಲ್ಲ, ಹೊಗಳಿಯೂ ಇಲ್ಲ. ಎಕ್ಸ್ಟರ್ನಲ್ ಎಕ್ಸಾಮಿನರ್ ಮಾತ್ರ ವೈವಾಲಿ ಮೊದಲ ಪ್ರಶ್ನೆನೇ ಆ ಡ್ರೈವರ್ ಬಗ್ಗೆ ಕೇಳಿದ್ರು! ನಾನು ಬೇರೆ ಡ್ರೈವರ್ ಬಗ್ಗೆ ಉತ್ತರ ಕೊಟ್ಟೆ, ಎಲೆಕ್ಷನ್ ಡ್ಯೂಟಿಲಿರೋ ಬಸ್ ಸಿಬ್ಬಂದಿ ವೋಟಿನ ಬಗ್ಗೆ, ಅವರಿಗೆ ಅಂಚೆ ಮತದ ಫಾರಂ ಕೈಗೆ ಸಿಗೋದು ಬಿಡೋದರ ಬಗ್ಗೆ, ಗೈಡ್ ಮೇಡಂ ಗಡಿಯಾರ ನೋಡಿ ಕೆಮ್ಮೋವರೆಗೂ ಮಾತಾಡಿದೆ. ಹಿಂದಿನ ಸಾಲಲ್ಲಿ ಚಿಕ್ಕಪ್ಪ ಇಸ್ತ್ರಿ ಶರ್ಟ್ ಹಾಕ್ಕೊಂಡು ಅವ್ವನ ಪಕ್ಕ ಕೂತಿದ್ರು, ಅವ್ವನಿಗೆ ಏನೂ ಅರ್ಥ ಆಗ್ತಿಲ್ಲ ಅಂತ ಪಿಸುಪಿಸು ಅಂತ ಟ್ರಾನ್ಸ್‌ಲೇಟ್ ಬೇರೆ ಮಾಡ್ತಿದ್ರಂತೆ, ಕನ್ನಡದಿಂದ ಕನ್ನಡಕ್ಕೆ.

ಚಿಕ್ಕಪ್ಪ, ಫೋನಲ್ಲಿ ಇದು ನಿಮಗೆ ತಲುಪುತ್ತೆ ಅಂತ ಗೊತ್ತು, ತಮ್ಮ ಓದಿ ಹೇಳ್ತಾನೆ. ಎದುರಿಗೆ ಹೇಳಿದ್ರೆ ಎದ್ದು ಹೋಗ್ತೀರ, ಅದಕ್ಕೆ ಇಲ್ಲಿ. ಆ ರಾತ್ರಿ ನೀವು ಬರದೇ ಇದ್ದಿದ್ರೆ ಆ ಕಾಗದಕ್ಕೆ ಯಾರು ಸೈನ್ ಹಾಕ್ತಿದ್ರು ಅಂತ ಈಗಲೂ ಒಮ್ಮೊಮ್ಮೆ ನಿದ್ದೆಯಿಂದ ಎದ್ದು ಕೂರ್ತೀನಿ. ಆಗ ಅವ್ವ ಬಯ್ತಾಳೆ, ಲೈಟ್ ಆರಿಸು ಅಂತ.

ಥೀಸಿಸ್ ಪಿಡಿಎಫ್ ಬೇಕಾದೋರು ಮೆಸೇಜ್ ಮಾಡಿ, ಕಳಿಸ್ತೀನಿ. ಬರೋ ಭಾನುವಾರ ಊರಲ್ಲಿ ಬಾಡೂಟ ಇದೆ, ಚಿಕ್ಕಪ್ಪನದೇ ಉಸ್ತುವಾರಿ, ಮಧ್ಯಾಹ್ನ ಒಂದಕ್ಕೆಲ್ಲ ಬಂದುಬಿಡಿ, ತಡ ಮಾಡಿದ್ರೆ ಬರೀ ಮುದ್ದೆ ಸಾರು ಉಳಿಯುತ್ತೆ. ಊಟ ಆದ್ಮೇಲೆ ಆ ಡೈರಿ ಹೊರಗೆ ಬರೋದು ಗ್ಯಾರಂಟಿ, ಟೈಂ ಇಟ್ಕೊಂಡು ಬನ್ನಿ.